ಸೀನ್ ಬೇರೆ, ಪ್ರೋಗ್ರಾಂ ಬೇರೆ: ಹಳೆ ವೈರಿಂಗಿನ ಮನೆಗೆ ಲೈಟ್ ಆಟೊಮೇಷನ್

ಮೊಬೈಲಿನಲ್ಲಿ ಲೈಟು ಹಾಕಿ ಆರಿಸುವುದಕ್ಕೆ ಆಟೊಮೇಷನ್ ಅನ್ನಬಾರದು. ಅದು ಉದ್ದದ ವೈರಿನ ಸ್ವಿಚ್ಚು, ಅಷ್ಟೇ. ಅದಕ್ಕೂ ಮುಂದೆ ಹೋಗಬೇಕಾದರೆ ಎರಡು ವಸ್ತುಗಳು ಬೇಕು. ಒಂದು ಸೀನ್: ಯಾವ ಲೈಟು, ಎಷ್ಟು ಬೆಳಕು, ಯಾವ ಬಣ್ಣ. ಇನ್ನೊಂದು ಪ್ರೋಗ್ರಾಂ: ಯಾವಾಗ, ಏನಾದರೆ, ಏನಿದ್ದರೆ ಆ ಸೀನನ್ನು ಕರೆಯಬೇಕು. ಪ್ರೋಗ್ರಾಮಿನ ಹೊಟ್ಟೆಯೊಳಗೇ ಬೆಳಕಿನ ಅಂಕಿಗಳನ್ನು ತುಂಬಿಬಿಟ್ಟರೆ ಮುಂದೆ ಕೋವ್ ಲೈಟನ್ನು (ಸೀಲಿಂಗಿನ ಅಂಚಿನಲ್ಲಿ ಅಡಗಿರುವ ಬೆಳಕಿನ ಪಟ್ಟಿ) ಸ್ವಲ್ಪ ಮಂದ ಮಾಡಬೇಕೆನಿಸಿದಾಗ ಏಳು ಕಡೆ ತಿದ್ದಬೇಕಾಗುತ್ತದೆ, ಆರು ಕಡೆ ತಿದ್ದಿ ಏಳನೆಯದನ್ನು ಮರೆತಿರುತ್ತೇವೆ. ಇಲ್ಲಿ ಬರೆದಿರುವುದು ಎರಡು ಬೆಡ್‌ರೂಮಿನ, ಹಳೆ ವೈರಿಂಗಿನ ಒಂದು ಮನೆಗೆ ಹೋಂ ಅಸಿಸ್ಟೆಂಟ್ (ಪ್ರೋಗ್ರಾಮುಗಳನ್ನು ಓಡಿಸುವ ತಂತ್ರಾಂಶ), ಜಿಗ್ಬಿ2ಎಂಕ್ಯೂಟಿಟಿ (ಜಿಗ್ಬಿ ಸಾಧನಗಳನ್ನು ಅದಕ್ಕೆ ಬೆಸೆಯುವ ತಂತ್ರಾಂಶ), ಜಿಗ್ಬಿ ಎಂಬ ವೈರಿಲ್ಲದ ಜಾಲದಲ್ಲಿ ಮಾತಾಡುವ ರಿಲೇ (ಸಂದೇಶ ಬಂದರೆ ಲೈಟಿನ ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸಾಧನ) ಮತ್ತು ಬಲ್ಬುಗಳನ್ನು ಸೇರಿಸಿ ಕಟ್ಟಿದ ಕ್ರಮ. ಒಟ್ಟು 26 ಲೈಟ್ ಪಾಯಿಂಟುಗಳಲ್ಲಿ 15 ಮಾತ್ರ ಆಟೊಮೇಷನ್‌ಗೆ ಬಂದವು. ಉಳಿದ ಹನ್ನೊಂದನ್ನು ಬೇಕೆಂದೇ ಬಿಟ್ಟದ್ದು.

ಮೊದಲ ಕೆಲಸ ಕಾಗದದ ಮೇಲೆ. ಒಂದೊಂದೇ ಸ್ವಿಚ್ ಬೋರ್ಡ್ ಬಿಚ್ಚಿ ನಾಲ್ಕು ಸಂಗತಿ ಬರೆದುಕೊಳ್ಳಬೇಕು: ಬಾಕ್ಸಿನಲ್ಲಿ ನ್ಯೂಟ್ರಲ್ (ಕರೆಂಟು ವಾಪಸಾಗುವ ವೈರು) ಇದೆಯೋ ಇಲ್ಲವೋ, ಆ ಲೈನ್ ಇನ್ವರ್ಟರಿನ ಮೇಲಿದೆಯೋ ಇಲ್ಲವೋ, ಲೈಟಿನ ವ್ಯಾಟ್ ಎಷ್ಟು, ಬಾಕ್ಸಿನ ಆಳ ಎಷ್ಟು. ನಮ್ಮ ಕಡೆಯ ಬೋರ್ಡುಗಳಲ್ಲಿ ಒಂದು ಅನುಕೂಲವಿದೆ. ಸಾಕೆಟ್ ಇರುವ ಬೋರ್ಡಿಗೆ ನ್ಯೂಟ್ರಲ್ ಬಂದೇ ಬಂದಿರುತ್ತದೆ. ಬರೀ ಸ್ವಿಚ್ಚುಗಳಿರುವ ಸಣ್ಣ ಬೋರ್ಡಿನಲ್ಲಿ, ಅಂದರೆ ಪ್ಯಾಸೇಜ್, ಬಾತ್‌ರೂಮಿನ ಹೊರಗೆ, ಪೋರ್ಟಿಕೋದಲ್ಲಿ, ಹೆಚ್ಚಾಗಿ ಇರುವುದಿಲ್ಲ. ಗೀಸರ್ ಮತ್ತು ಸಂಪಿನ ಮೋಟಾರನ್ನು ಪಟ್ಟಿಯಿಂದ ಹೊಡೆದುಹಾಕಿ. ಸ್ವಿಚ್ಚಿನ ಹಿಂದೆ ಕೂರುವ ಪುಟ್ಟ ರಿಲೇ ಆ ಹೊರೆಗಲ್ಲ. ಮೆಟ್ಟಿಲಿನ ಟೂ-ವೇ ಸ್ವಿಚ್ಚು ಈಗಾಗಲೇ ಸರಿಯಾಗಿ ಕೆಲಸ ಮಾಡುತ್ತಿದೆ, ಅದನ್ನೂ ಮುಟ್ಟಲಿಲ್ಲ.

ಬೋರ್ಡಿನೊಳಗಿನ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಕೈಯಲ್ಲೇ ಮಾಡಿಸಬೇಕು, ಆದರೆ ಪಕ್ಕದಲ್ಲಿ ನಿಂತು ನೋಡುವವರಿಗೆ ಒಂದು ವಿಷಯ ಗೊತ್ತಿರಲೇಬೇಕು: ಫೇಸ್ ಲೂಪ್, ಅಂದರೆ ಕರೆಂಟು ತರುವ ವೈರಿನ ಸರಪಳಿ. ಮಾಡ್ಯುಲರ್ ಪ್ಲೇಟಿನ ಹಿಂದೆ ಒಂದೇ ಕೆಂಪು ವೈರು ಮೊದಲ ಸ್ವಿಚ್ಚಿಗೆ ಬಂದು, ಅಲ್ಲಿಂದ ತುಂಡು ತುಂಡಾಗಿ ಎರಡನೆಯದಕ್ಕೆ, ಮೂರನೆಯದಕ್ಕೆ ಹಾರಿಕೊಂಡು ಹೋಗಿರುತ್ತದೆ. ಇನ್ನು ರಿಲೇ ಮೇಲೆ ಎಸ್1, ಎಸ್2 ಎಂದು ಎರಡು ಟರ್ಮಿನಲ್ ಇರುತ್ತವೆ. ಗೋಡೆಯ ಸ್ವಿಚ್ಚಿನ ಎರಡು ಕಾಲುಗಳು ಅಲ್ಲಿಗೆ ಬರಬೇಕು. ಹಲವು ರಿಲೇಗಳಲ್ಲಿ ಇವು ಡ್ರೈ ಕಾಂಟ್ಯಾಕ್ಟ್ (ಹೊರಗಿನ ಕರೆಂಟು ಬರಬಾರದ ಜಾಗ), 230 ವೋಲ್ಟ್ ತಾಗಿದ ಕ್ಷಣವೇ ಟಪ್ ಎಂದು ಮುಗಿಯಿತು. ಸ್ವಿಚ್ಚಿನ ಒಂದು ಕಾಲಿನಲ್ಲಿ ಲೂಪಿನ ಕೆಂಪು ವೈರು ಉಳಿದುಕೊಂಡಿದ್ದರೆ ನಡೆಯುವುದು ಅದೇ. ಆ ಸ್ವಿಚ್ಚನ್ನು ಲೂಪಿನಿಂದ ಪೂರ್ತಿ ಹೊರತೆಗೆದು, ಹಿಂದಿನ ತುಂಡು ಮತ್ತು ಮುಂದಿನ ತುಂಡನ್ನು ಲಿವರ್ ಕನೆಕ್ಟರಿನಲ್ಲಿ ಒಂದುಗೂಡಿಸಿ, ಅಲ್ಲಿಂದಲೇ ರಿಲೇಯ ಎಲ್ ಟರ್ಮಿನಲ್ಲಿಗೆ ಒಂದು ಕವಲು ಕೊಡಬೇಕು. ಲೂಪನ್ನು ಕತ್ತರಿಸಿ ಹಾಗೇ ಬಿಟ್ಟರೆ ಮುಂದಿನ ಎಲ್ಲ ಸ್ವಿಚ್ಚುಗಳೂ ಸತ್ತಂತೆ. ಇನ್ನು ಕೆಲವು ಕಂಪನಿಗಳ ರಿಲೇಗಳಲ್ಲಿ ಸ್ವಿಚ್ ಟರ್ಮಿನಲ್ಲಿಗೆ ಫೇಸ್ ಬರುವುದೇ ಸರಿ. ಆದ್ದರಿಂದ ಡಬ್ಬದ ಮೇಲಿನ ಚಿತ್ರವನ್ನು ನೋಡದೆ 'ಎಲ್ಲಾ ಒಂದೇ ಸಾರ್' ಅನ್ನುವವರನ್ನು ತಡೆಯಬೇಕು.

ಎರಡನೇ ಎಡವಟ್ಟು ನ್ಯೂಟ್ರಲಿನದು. ಇನ್ವರ್ಟರ್ ಲೈನಿನ ಫೇಸ್ ತೆಗೆದುಕೊಂಡು, ಹತ್ತಿರದಲ್ಲಿ ಕಂಡ ಯಾವುದೋ ಕಪ್ಪು ವೈರನ್ನು ನ್ಯೂಟ್ರಲ್ ಎಂದು ಸೇರಿಸಿದರೆ, ಹೋದ ಕರೆಂಟು ಬೇರೆ ದಾರಿಯಿಂದ ವಾಪಸಾಗುತ್ತದೆ. ಆರ್‌ಸಿಸಿಬಿ (ಹೋದ ಕರೆಂಟೂ ವಾಪಸಾದ ಕರೆಂಟೂ ಸಮವಿಲ್ಲದಿದ್ದರೆ ಲೈನ್ ಕಡಿಯುವ ಸ್ವಿಚ್ಚು) ಟ್ರಿಪ್ ಆಗುತ್ತದೆ. ಒಂದು ಸರ್ಕ್ಯೂಟಿನ ಫೇಸಿಗೆ ಅದೇ ಸರ್ಕ್ಯೂಟಿನ ನ್ಯೂಟ್ರಲ್. ಎಂಸಿಬಿ ಇಳಿಸಿದ ಮೇಲೂ ಮಲ್ಟಿಮೀಟರಿನಲ್ಲಿ ನೋಡಿ ಕೈ ಹಾಕಬೇಕು, ಏಕೆಂದರೆ ಒಂದೇ ಬಾಕ್ಸಿನಲ್ಲಿ ಮೈನ್ಸ್ ಫೇಸೂ ಇನ್ವರ್ಟರ್ ಫೇಸೂ ಅಕ್ಕಪಕ್ಕ ಕೂತಿರುತ್ತವೆ. ಮೈನ್ಸ್ ಆಫ್ ಮಾಡಿದರೆ ಇನ್ವರ್ಟರಿನದು ಜೀವಂತವಾಗಿಯೇ ಇರುತ್ತದೆ.

ನ್ಯೂಟ್ರಲ್ ಇಲ್ಲದ ಪೋರ್ಟಿಕೋ ಬೋರ್ಡಿಗೆ ನ್ಯೂಟ್ರಲ್ ಬೇಡದ ರಿಲೇ ಹಾಕಿದೆವು. ಇದು ಲೈಟಿನ ಮೂಲಕವೇ ಸಣ್ಣ ಕರೆಂಟು ಎಳೆದುಕೊಂಡು ಬದುಕುತ್ತದೆ. ಹಾಗಾಗಿ ಆರಿಸಿದ ಮೇಲೂ 5 ವ್ಯಾಟ್ ಎಲ್‌ಇಡಿ ಮಿಣುಕುತ್ತದೆ, ಇಲ್ಲವೇ ಮಿಂಚುಹುಳದ ಹಾಗೆ ಹೊತ್ತಿ ಆರುತ್ತದೆ. ಮದ್ದು ಸುಲಭ: ಲೈಟಿನ ಹತ್ತಿರ, ಅದರ ಎರಡು ವೈರುಗಳ ನಡುವೆ, ರಿಲೇ ತಯಾರಕರೇ ಕೊಡುವ ಬೈಪಾಸ್ ಕೆಪಾಸಿಟರ್. ಸ್ವಿಚ್ ಬಾಕ್ಸಿನಲ್ಲಿ ಹಾಕಿದರೆ ಪ್ರಯೋಜನವಿಲ್ಲ. ನ್ಯೂಟ್ರಲ್ ಇಲ್ಲದ ಈ ಬಗೆಯ ರಿಲೇಗಳು ಸಾಮಾನ್ಯವಾಗಿ ಜಿಗ್ಬಿ ಸಂದೇಶವನ್ನು ಮುಂದಕ್ಕೆ ದಾಟಿಸುವುದೂ ಇಲ್ಲ, ಇದು ಆಮೇಲೆ ಲೆಕ್ಕಕ್ಕೆ ಬರುತ್ತದೆ.

ಹಾಲ್‌ನ ಫಾಲ್ಸ್ ಸೀಲಿಂಗಿನಲ್ಲಿ 10 ವ್ಯಾಟಿನ ಎಂಟು ಡೌನ್‌ಲೈಟ್. ಒಟ್ಟು 80 ವ್ಯಾಟ್, ಅಂದರೆ ಅರ್ಧ ಆಂಪಿಯರ್ ಕೂಡ ಇಲ್ಲ. ರಿಲೇ ಮೇಲೆ 10 ಆಂಪಿಯರ್ ಎಂದು ಬರೆದಿದೆ. ಆದರೂ ಎಂಟನ್ನೂ ಒಂದೇ ರಿಲೇಗೆ ಕಟ್ಟಬಾರದು. ಎಲ್‌ಇಡಿ ಡ್ರೈವರಿನ (ದೀಪಕ್ಕೆ ಹೊಂದುವ ಕರೆಂಟು ಒದಗಿಸುವ ಡಬ್ಬಿ) ಕೆಪಾಸಿಟರುಗಳು ತುಂಬಿಕೊಳ್ಳುವ ಆ ಗಳಿಗೆಯಲ್ಲಿ ಕರೆಂಟು ಮಾಮೂಲಿನ ಹತ್ತಾರು ಪಟ್ಟು ಏರುತ್ತದೆ, ದಿನಾ ಹೀಗೇ ಆದರೆ ಕಾಂಟ್ಯಾಕ್ಟು ಬೆಸುಗೆಯಾದ ಹಾಗೆ ಅಂಟಿಕೊಳ್ಳುತ್ತದೆ. ಲಕ್ಷಣ ಹೀಗಿರುತ್ತದೆ: ಆ್ಯಪಿನಲ್ಲಿ ಆಫ್, ರಿಲೇ ಟಿಕ್ ಅನ್ನುತ್ತದೆ, ಲೈಟು ಮಾತ್ರ ಉರಿಯುತ್ತಲೇ ಇರುತ್ತದೆ. ನಾಲ್ಕು ನಾಲ್ಕಾಗಿ ಎರಡು ರಿಲೇಗೆ ಹಂಚಿದ್ದು ಇದಕ್ಕೇ. ಸೀನ್ ಮಾಡುವಾಗಲೂ ಇದೇ ಹಂಚಿಕೆ ಉಪಯೋಗಕ್ಕೆ ಬಂತು: ಸೋಫಾ ಕಡೆಯ ನಾಲ್ಕು, ಟಿವಿ ಕಡೆಯ ನಾಲ್ಕು.

ಕೋವ್ ಲೈಟಿಗೆ 24 ವೋಲ್ಟಿನ ಸ್ಟ್ರಿಪ್, ಮೀಟರಿಗೆ 9.6 ವ್ಯಾಟ್, 10 ಮೀಟರ್. 96 ವ್ಯಾಟ್ ಆಯಿತು, ಡ್ರೈವರನ್ನು ಶೇ. 80ಕ್ಕಿಂತ ಹೆಚ್ಚು ದುಡಿಸಬಾರದು ಅಂದರೆ ಕನಿಷ್ಠ 120 ವ್ಯಾಟಿನದು, ಹಾಕಿದ್ದು 150. ಐದೈದು ಮೀಟರಿನ ಎರಡು ತುಂಡನ್ನು ಒಂದರ ಬಾಲಕ್ಕೆ ಇನ್ನೊಂದರಂತೆ ಜೋಡಿಸಿದರೆ ಕೊನೆಯ ಭಾಗ ಮಂಕಾಗಿ ಕಾಣುತ್ತದೆ. ಎರಡಕ್ಕೂ ಡ್ರೈವರಿನಿಂದಲೇ ಬೇರೆ ಬೇರೆ ವೈರು ಎಳೆಯಬೇಕು. ಸೀಲಿಂಗ್ ಮುಚ್ಚಿದ ಮೇಲೆ ನೆನಪಾದರೆ ಏನೂ ಮಾಡಲಾಗದು.

ಸ್ವಿಚ್ಚಿನ ವಿಷಯದಲ್ಲಿ ಒಂದು ತೀರ್ಮಾನ ಮೊದಲೇ ಆಗಬೇಕು. ಮಾಮೂಲಿ ಸ್ವಿಚ್ಚನ್ನೇ ಉಳಿಸಿಕೊಂಡರೆ, ಒಂದು ಸಲ ಪ್ರೋಗ್ರಾಂ ಲೈಟು ಆರಿಸಿದ ಮೇಲೆ 'ಕೆಳಗಿದ್ದರೆ ಆನ್' ಎಂಬ ನಮ್ಮ ಬೆರಳಿನ ಅಭ್ಯಾಸ ಸುಳ್ಳಾಗುತ್ತದೆ. ಮನೆಯ ಹಿರಿಯರಿಗೆ ಇದು ನಿಜವಾಗಿ ಕಿರಿಕಿರಿ. ಹಾಲ್ ಮತ್ತು ಡೈನಿಂಗಿನಲ್ಲಿ ಆ ಜಾಗಕ್ಕೆ ಅದೇ ಪ್ಲೇಟಿಗೆ ಕೂರುವ ಬೆಲ್ ಪುಶ್ ಹಾಕಿದೆವು. ಒತ್ತಿ ಬಿಟ್ಟರೆ ಅದೇ ಜಾಗಕ್ಕೆ ವಾಪಸು, ಮೇಲೆ ಕೆಳಗೆ ಎಂಬ ಪ್ರಶ್ನೆಯೇ ಇಲ್ಲ. ಊಟದ ಮೇಜಿನ ಮೇಲೆ ನೇತಾಡುವ ಲೈಟಿನಲ್ಲಿ ಮಾತ್ರ ಜಿಗ್ಬಿ ಬಲ್ಬು ಇದೆ. ಸ್ಮಾರ್ಟ್ ಬಲ್ಬಿಗೆ ಗೋಡೆಯಲ್ಲಿ ಕರೆಂಟು ಕಡಿದರೆ ಬಲ್ಬು ಜಾಲದಿಂದಲೇ ಕಾಣೆಯಾಗುತ್ತದೆ, ಅದರ ಮೂಲಕ ಮಾತಾಡುತ್ತಿದ್ದ ಸೆನ್ಸರುಗಳೂ ಕಾಣೆ. ಹಾಗಾಗಿ ಅಲ್ಲಿನ ರಿಲೇಯನ್ನು ಡಿಟ್ಯಾಚ್ಡ್ ಮೋಡಿಗೆ ಹಾಕಬೇಕು: ರಿಲೇ ಸದಾ ಆನ್, ಗುಂಡಿ ಒತ್ತಿದರೆ ಸಂದೇಶ ಮಾತ್ರ ಹೋಗುತ್ತದೆ. ಈ ಮೋಡ್ ಇದೆಯೇ ಎಂದು ಕೊಳ್ಳುವ ಮುಂಚೆಯೇ ನೋಡಿ, ಎಲ್ಲದರಲ್ಲೂ ಇರುವುದಿಲ್ಲ.

ಜಿಗ್ಬಿಯೂ ವೈಫೈಯೂ ಒಂದೇ 2.4 ಗಿಗಾಹರ್ಟ್ಸ್ ಬೀದಿಯಲ್ಲಿ ಓಡಾಡುತ್ತವೆ. ಜಿಗ್ಬಿಗೆ 11ರಿಂದ 26ರವರೆಗೆ ಚಾನೆಲ್‌ಗಳು. ವೈಫೈಯ 1, 6, 11ರ ಸಂದಿಯಲ್ಲಿ ಬೀಳುವಂಥವು 15, 20, 25. ರೂಟರನ್ನು ಆಟೊ ಬಿಡದೆ ಚಾನೆಲ್ 1ಕ್ಕೆ ಕಟ್ಟಿಹಾಕಿ, ಜಿಗ್ಬಿಯನ್ನು 25ಕ್ಕೆ ಇಟ್ಟೆವು. ಮೊದಲ ದಿನವೇ ಇದನ್ನು ಮಾಡಬೇಕು; ಎಲ್ಲ ಪೇರ್ ಆದ ಮೇಲೆ ಚಾನೆಲ್ ಬದಲಿಸಿದರೆ ಕೆಲವು ಸಾಧನಗಳನ್ನು ಮತ್ತೆ ಪೇರ್ ಮಾಡುತ್ತ ಏಣಿ ಹತ್ತಿ ಇಳಿಯಬೇಕಾದೀತು. ಕೋಆರ್ಡಿನೇಟರ್ ಡಾಂಗಲನ್ನು (ಜಿಗ್ಬಿ ಜಾಲವನ್ನು ನಡೆಸುವ ಯುಎಸ್‌ಬಿ ಕಡ್ಡಿ) ರಾಸ್ಪ್‌ಬೆರಿ ಪೈಗೆ (ಹೋಂ ಅಸಿಸ್ಟೆಂಟ್ ಓಡುವ ಪುಟ್ಟ ಕಂಪ್ಯೂಟರ್) ನೇರವಾಗಿ ಚುಚ್ಚದೆ, ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರವಿಡಿ. ಯುಎಸ್‌ಬಿ 3.0 ಪೋರ್ಟಿನ ಗದ್ದಲ ಇದೇ ತರಂಗಕ್ಕೆ ಬೀಳುತ್ತದೆ.

ಈಗ ಸೀನ್. ಪ್ರತಿ ಲೈಟಿಗೂ ಐಡಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕೋಣೆ, ಜಾಗ ಎಂಬ ಕ್ರಮದಲ್ಲಿ ಕೊಟ್ಟು, ಕಾಣುವ ಹೆಸರನ್ನು ಕನ್ನಡದಲ್ಲಿ ಇಟ್ಟೆವು. ಸೀನ್‌ಗಳು ಆರೇ ಆರು: ದೀಪ ಹಚ್ಚುವ ಹೊತ್ತು, ಊಟ, ಓದು, ಟಿವಿ, ಮಲಗುವ ಹೊತ್ತು, ನಡುರಾತ್ರಿ. ಮೊದಲ ಪಟ್ಟಿಯಲ್ಲಿ ಹದಿನಾಲ್ಕಿದ್ದವು. ಹೆಸರು ನೆನಪಿಟ್ಟು ಯಾರೂ ಕರೆಯದ ಸೀನ್ ಇದ್ದೇನು ಫಲ?

ಟಿವಿ ಸೀನನ್ನೇ ಬಿಡಿಸಿ ನೋಡೋಣ. ಕೋವ್ ಶೇ. 12, 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಕಡಿಮೆಯಾದಷ್ಟೂ ಹಳದಿ, ಹೆಚ್ಚಿದಷ್ಟೂ ಬಿಳಿ). ಟಿವಿಯ ಹಿಂದಿನ ಸ್ಟ್ರಿಪ್ ಶೇ. 10, 6500 ಕೆಲ್ವಿನ್, ಪರದೆಯ ಬಿಳುಪಿಗೆ ಹೊಂದುವ ಬಣ್ಣ. ಊಟದ ಮೇಜಿನ ಬಲ್ಬು ಶೇ. 5, 2200 ಕೆಲ್ವಿನ್. ಸೋಫಾ ಕಡೆಯ ನಾಲ್ಕು ಆಫ್, ಟಿವಿ ಕಡೆಯ ನಾಲ್ಕು ಆಫ್. ಕೊನೆಯ ಆ ಎರಡು 'ಆಫ್' ಬರೆಯುವುದನ್ನೇ ಎಲ್ಲರೂ ಮರೆಯುವುದು. ಸೀನಿನಲ್ಲಿ ಹೆಸರಿಲ್ಲದ ಲೈಟನ್ನು ಹೋಂ ಅಸಿಸ್ಟೆಂಟ್ ಮುಟ್ಟುವುದೇ ಇಲ್ಲ. ಓದು ಸೀನಿನಿಂದ ಟಿವಿಗೆ ಬಂದರೆ ಡೌನ್‌ಲೈಟುಗಳು ಉರಿಯುತ್ತಲೇ ಇರುತ್ತವೆ. ಆ ಕೋಣೆಯ ಪ್ರತಿಯೊಂದು ಲೈಟಿನ ಹೆಸರೂ ಪ್ರತಿಯೊಂದು ಸೀನಿನಲ್ಲೂ ಇರಲೇಬೇಕು.

ಅಂಕಿಗಳನ್ನು ಹಗಲಿನಲ್ಲಿ ಕೂತು ನಿರ್ಧರಿಸಬೇಡಿ. ನಮ್ಮ ಕಣ್ಣು ಬೆಳಕನ್ನು ನೇರ ಲೆಕ್ಕದಲ್ಲಿ ಅಳೆಯುವುದಿಲ್ಲ, ಹೆಚ್ಚುಕಡಿಮೆ ವರ್ಗಮೂಲದ ಲೆಕ್ಕದಲ್ಲಿ ಅಳೆಯುತ್ತದೆ: ನಿಜವಾದ ಬೆಳಕು ಶೇ. 25 ಇದ್ದರೆ ಕಣ್ಣಿಗೆ ಅರ್ಧದಷ್ಟು ಕಾಣುತ್ತದೆ. ಹಾಗಾಗಿ 50 ಎಂದು ಕೊಟ್ಟದ್ದು ಅರ್ಧವೆನಿಸದೆ ಜಾಸ್ತಿಯೇ ಅನಿಸುತ್ತದೆ, 60ಕ್ಕೂ 80ಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಆಟವೆಲ್ಲ ಇರುವುದು 30ರ ಕೆಳಗೆ. ಬಣ್ಣವನ್ನು ಕೆಲವು ಕಡೆ ಮಿರೆಡ್‌ನಲ್ಲಿ ಕೇಳುತ್ತಾರೆ. 10 ಲಕ್ಷವನ್ನು ಕೆಲ್ವಿನ್‌ನಿಂದ ಭಾಗಿಸಿದರೆ ಸಿಗುತ್ತದೆ, 2700ಕ್ಕೆ 370, 4000ಕ್ಕೆ 250. ಅಡುಗೆಮನೆಗೆ 4000 ಇಟ್ಟಿದ್ದೇವೆ. 2700ರಲ್ಲಿ ಒಗ್ಗರಣೆ ಕೆಂಪಾಯಿತೋ ಕಪ್ಪಾಯಿತೋ ಗೊತ್ತಾಗುವುದಿಲ್ಲ.

ಸೀನ್ ಕರೆದಾಗ ಲೈಟುಗಳು ಒಂದಾದ ಮೇಲೊಂದು ಪಟಪಟನೆ ಬದಲಾದರೆ, ಕಾರಣ ಪ್ರತಿ ಲೈಟಿಗೂ ಬೇರೆ ಬೇರೆ ಆಜ್ಞೆ ಹೋಗುತ್ತಿರುವುದು. ಎರಡು ಪರಿಹಾರ. ಒಂದೇ ಬೆಳಕಿಗೆ ಹೋಗುವ ಲೈಟುಗಳನ್ನು ಜಿಗ್ಬಿ ಗ್ರೂಪ್ ಮಾಡುವುದು, ಆಗ ಒಂದೇ ಸಂದೇಶ ಸಾಕು. ಅಥವಾ ಜಿಗ್ಬಿಯ ಸ್ವಂತ ಸೀನನ್ನು ಬಲ್ಬುಗಳೊಳಗೇ ಉಳಿಸುವುದು: ಲೈಟುಗಳನ್ನು ಬೇಕಾದ ಹಾಗೆ ಹೊಂದಿಸಿ, ಗ್ರೂಪಿಗೆ 'ಸೀನ್ ಸ್ಟೋರ್' ಕೊಟ್ಟು ಒಂದು ಸಂಖ್ಯೆ ಹಚ್ಚಿದರೆ, ಆಮೇಲೆ 'ಸೀನ್ ರೀಕಾಲ್ 3' ಅಂದರೆ ಸಾಕು, ಪ್ರತಿ ಬಲ್ಬೂ ತನ್ನ ಪಾಲಿನ ಅಂಕಿಗೆ ತಾನೇ ಹೋಗುತ್ತದೆ. ಗ್ರೂಪ್ ಸಂದೇಶ ಊರಿಗೆಲ್ಲ ಡಂಗುರ ಸಾರಿದ ಹಾಗೆ, ಇಡೀ ಜಾಲಕ್ಕೆ ಹೋಗುತ್ತದೆ. ಸ್ಲೈಡರನ್ನು ಎಳೆದಾಡುತ್ತ ಗ್ರೂಪಿಗೆ ಹತ್ತಾರು ಆಜ್ಞೆ ಸುರಿದರೆ ಕೆಲವು ಸೆಕೆಂಡು ಜಾಲ ಮಂಕು ಬಡಿದು ನಿಲ್ಲುತ್ತದೆ. ಇನ್ನೊಂದು: ಎರಡು ಸೆಕೆಂಡಿನ ಟ್ರಾನ್ಸಿಷನ್ (ಬೆಳಕು ನಿಧಾನವಾಗಿ ಬದಲಾಗುವುದು) ಜೊತೆ ಆರಿಸಿದ ಬಲ್ಬು, ಕೆಳಗಿಳಿಯುವಾಗ ಮುಟ್ಟಿದ ಶೇ. 1ನ್ನೇ ಕೊನೆಯ ಬೆಳಕು ಎಂದು ನೆನಪಿಟ್ಟುಕೊಂಡಿರುವುದುಂಟು. ಮಾರನೆ ದಿನ ಹಾಕಿದರೆ ಬಲ್ಬು ಸುಟ್ಟುಹೋಗಿದೆ ಅನಿಸುವಷ್ಟು ಮಂದ. ಬರೀ 'ಆನ್' ಅನ್ನದೆ ಯಾವಾಗಲೂ ಬೆಳಕಿನ ಅಂಕಿಯನ್ನೂ ಜೊತೆಗೆ ಕೊಡಬೇಕು.

ಪ್ರೋಗ್ರಾಮಿಗೆ ಬಂದರೆ, ನಡುವೆ 'ಮನೆಯ ಹೊತ್ತು' ಎಂಬ ಒಂದು ಆಯ್ಕೆಪಟ್ಟಿ ಇಟ್ಟೆವು: ಬೆಳಿಗ್ಗೆ, ಹಗಲು, ಸಂಜೆ, ರಾತ್ರಿ, ಮಲಗಿದೆ. ಗಡಿಯಾರ, ಸೂರ್ಯ ಇವೆರಡೂ ಈ ಹೊತ್ತನ್ನು ಮಾತ್ರ ಬದಲಿಸುತ್ತವೆ, ಲೈಟನ್ನು ಮುಟ್ಟುವುದಿಲ್ಲ. ಹೊತ್ತು ಬದಲಾದರೆ ಯಾವ ಸೀನ್ ಎಂದು ಇನ್ನೊಂದೇ ಪ್ರೋಗ್ರಾಂ ನೋಡಿಕೊಳ್ಳುತ್ತದೆ. ಲೈಟು ಯಾಕೆ ಹತ್ತಿತು ಎಂದು ಹುಡುಕಬೇಕಾದಾಗ ನೋಡಬೇಕಾದ ಜಾಗ ಎರಡೇ.

ಸಂಜೆಯನ್ನು ಆರೂವರೆ ಎಂದು ಬರೆಯಬಾರದು. ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ನವೆಂಬರಿನಲ್ಲಿ ಸುಮಾರು 5:50ಕ್ಕೆ, ಜುಲೈ ಆರಂಭದಲ್ಲಿ ಸುಮಾರು 6:50ಕ್ಕೆ. ಸೂರ್ಯಾಸ್ತಕ್ಕೆ ಹತ್ತು ನಿಮಿಷ ಮುಂಚೆ ದೇವರ ಮನೆ ಮತ್ತು ಪೋರ್ಟಿಕೋ, ಸೂರ್ಯಾಸ್ತವಾಗಿ ಹದಿನೈದು ನಿಮಿಷಕ್ಕೆ ಹಾಲ್. ಆದರೆ ಮಳೆಗಾಲದ ಮೋಡಕ್ಕೆ ಪಂಚಾಂಗ ಗೊತ್ತಿಲ್ಲ. ನಾಲ್ಕು ಗಂಟೆಗೇ ಕತ್ತಲು. ಕಿಟಕಿಯ ಹತ್ತಿರ ಒಂದು ಲಕ್ಸ್ (ಬೆಳಕಿನ ಅಳತೆ) ಸೆನ್ಸರ್ ಇಟ್ಟು, 60 ಲಕ್ಸಿಗಿಂತ ಕಡಿಮೆ ಹತ್ತು ನಿಮಿಷ ಇದ್ದರೆ ಹಾಲ್ ಹತ್ತಲಿ ಎಂದಿದೆ. ಆರಿಸುವ ಗಡಿಯನ್ನು 150ಕ್ಕೆ ಇಡಲಾಗಿದೆ. ಎರಡೂ ಒಂದೇ ಅಂಕಿಯಾದರೆ ಪ್ರತಿ ಮೋಡಕ್ಕೂ ಲೈಟು ಕಣ್ಣಾಮುಚ್ಚಾಲೆ ಆಡುತ್ತದೆ. ಹಾಲ್‌ನ ಲೈಟಿನ ಬೆಳಕೇ ಸೆನ್ಸರಿಗೆ ಬೀಳದ ಜಾಗ ಹುಡುಕುವುದು ಅಂದುಕೊಂಡಷ್ಟು ಸುಲಭವಲ್ಲ; ಪರದೆಯ ಆಚೆ, ಗಾಜಿಗೆ ಮುಖ ಮಾಡಿ ಇಡಬೇಕು.

ಪ್ಯಾಸೇಜಿನಲ್ಲಿ ಮೈಬಿಸಿಯ ಚಲನೆ ಗುರುತಿಸುವ ಪಿಐಆರ್ ಸೆನ್ಸರ್. ಪ್ರೋಗ್ರಾಮಿನ ಮೋಡ್ 'ರೀಸ್ಟಾರ್ಟ್' (ಹೊಸ ಚಲನೆ ಕಂಡರೆ ಎಣಿಕೆ ಮೊದಲಿನಿಂದ) ಆಗಿರಬೇಕು. ಮೊದಲೇ ಇರುವ 'ಸಿಂಗಲ್' ಬಿಟ್ಟರೆ ಎರಡನೇ ಸಲ ನಡೆದದ್ದು ಲೆಕ್ಕಕ್ಕೆ ಬರದೆ ನಡುದಾರಿಯಲ್ಲೇ ಲೈಟು ಆರುತ್ತದೆ. ಏಪ್ರಿಲ್ ಮಧ್ಯಾಹ್ನ ಗೋಡೆಯ ಬಿಸಿ ಮೈಬಿಸಿಯ ಹತ್ತಿರ ಬಂದಾಗ ಪಿಐಆರ್ ಮಂದವಾಗುತ್ತದೆ. ಸೆನ್ಸರಿನ ಮುಖದ ಮೇಲೇ ಹಲ್ಲಿ ಹರಿದಾಡಿದರೆ ಮನುಷ್ಯರೇ ಬಂದರು ಎಂದುಕೊಳ್ಳುತ್ತದೆ. ಹಾಗಾದರೆ ಎಂಎಂವೇವ್ (ರಾಡಾರ್ ಸೆನ್ಸರ್) ಹಾಕೋಣ ಅಂದರೆ ಅದಕ್ಕೆ ಸೀಲಿಂಗ್ ಫ್ಯಾನೇ ಒಬ್ಬ ಮನುಷ್ಯ. ಫ್ಯಾನ್ ಇರುವ ಕೋಣೆಯಲ್ಲಿ ಲೈಟು ಆರುವುದೇ ಇಲ್ಲ. ಫ್ಯಾನಿನ ದಿಕ್ಕನ್ನು ಸೆನ್ಸರಿನ ವ್ಯಾಪ್ತಿಯಿಂದ ತೆಗೆದುಹಾಕುವ ಸೌಲಭ್ಯ ಇರುವಂಥದ್ದನ್ನೇ ಕೊಳ್ಳಬೇಕು.

ಗೋಡೆಯ ಗುಂಡಿಯ ಮಾತೇ ಕೊನೆಯ ಮಾತು. ಹಾಲ್‌ನಲ್ಲಿ ಯಾರಾದರೂ ಗುಂಡಿ ಒತ್ತಿದರೆ 60 ನಿಮಿಷದ ಟೈಮರ್ ಒಂದು ಓಡಲು ಶುರುವಾಗುತ್ತದೆ. ಆ ಟೈಮರ್ ಓಡುತ್ತಿದ್ದರೆ ಹಾಲ್‌ನ ಯಾವ ಪ್ರೋಗ್ರಾಮೂ ಲೈಟು ಮುಟ್ಟಬಾರದು ಎಂಬ ಕಂಡಿಷನ್ ಎಲ್ಲದರಲ್ಲೂ ಇದೆ. ಗುಂಡಿಯಿಲ್ಲದೆ ಮಾಮೂಲಿ ಸ್ವಿಚ್ಚೇ ಇರುವಲ್ಲಿ, ಬದಲಾವಣೆಯ ಕಾಂಟೆಕ್ಸ್ಟ್ (ಅದನ್ನು ಮಾಡಿದ್ದು ಯಾರು ಎಂದು ಹೋಂ ಅಸಿಸ್ಟೆಂಟ್ ಇಡುವ ದಾಖಲೆ) ನೋಡಬಹುದು: ಪ್ರೋಗ್ರಾಂ ಮಾಡಿದ್ದಕ್ಕೆ ಪೇರೆಂಟ್ ಐಡಿ ಇರುತ್ತದೆ, ಆ್ಯಪಿನಿಂದ ಮಾಡಿದ್ದಕ್ಕೆ ಯೂಸರ್ ಐಡಿ, ಗೋಡೆಯಿಂದ ಬಂದದ್ದಕ್ಕೆ ಎರಡೂ ಖಾಲಿ. ಸಾಧನದ ಉತ್ತರ ತಡವಾಗಿ ಬಂದರೆ ಪ್ರೋಗ್ರಾಂ ಮಾಡಿದ್ದೂ ಖಾಲಿಯಾಗಿಯೇ ಕಾಣಬಹುದು, ಆದ್ದರಿಂದ ಇದನ್ನು ಪೂರ್ತಿ ನಂಬಿ ಕೂರಬೇಡಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಕರೆಂಟು ಹೋಗಿ ಬರುವ ಗಳಿಗೆ. ರಾತ್ರಿ ಎರಡಕ್ಕೆ ಕರೆಂಟು ಬಂದಾಗ ಬಲ್ಬುಗಳೆಲ್ಲ ಪೂರ್ತಿ ಬೆಳಕಿನಲ್ಲಿ ಹತ್ತದಿರಬೇಕಾದರೆ ಪ್ರತಿಯೊಂದರಲ್ಲೂ 'ಪವರ್ ಆನ್ ಬಿಹೇವಿಯರ್' ಅನ್ನು 'ಆಫ್' ಅಥವಾ 'ಪ್ರೀವಿಯಸ್' ಮಾಡಬೇಕು. ಅದಾದ ಮೇಲೂ ಪ್ಯಾಸೇಜ್ ಹತ್ತುತ್ತಿತ್ತು. ಕಾರಣ ಟ್ರಿಗರಿನಲ್ಲಿ (ಪ್ರೋಗ್ರಾಂ ಶುರುಮಾಡುವ ಘಟನೆ) ಇತ್ತು: ಸೆನ್ಸರ್ 'ಆನ್ ಆದಾಗ' ಎಂದಷ್ಟೇ ಬರೆದಿದ್ದರಿಂದ, ಸಿಸ್ಟಂ ಎದ್ದು 'ಅನ್‌ಅವೈಲಬಲ್'ನಿಂದ 'ಆನ್'ಗೆ ಬಂದದ್ದೂ ಟ್ರಿಗರಾಗುತ್ತಿತ್ತು. 'ಆಫ್'ನಿಂದ 'ಆನ್'ಗೆ ಎಂದು ಎರಡೂ ತುದಿಯನ್ನು ಬರೆದ ಮೇಲೆ ನಿಂತಿತು. 'ಐದು ನಿಮಿಷ ಹೀಗೇ ಇದ್ದರೆ' ಎಂಬ ಎಣಿಕೆಯೂ ರೀಸ್ಟಾರ್ಟ್ ಆದರೆ ಮರೆತುಹೋಗುತ್ತದೆ. ಅಲ್ಲಿ ಟೈಮರ್ ಹೆಲ್ಪರ್ (ಹೋಂ ಅಸಿಸ್ಟೆಂಟಿನಲ್ಲೇ ಇರುವ ಟೈಮರ್) ಬಳಸಿ ಅದರ 'ರಿಸ್ಟೋರ್' ಆನ್ ಮಾಡಬೇಕು. ಕರೆಂಟು ಐದಾರು ಸಲ ಬೇಗಬೇಗ ಹೋಗಿ ಬಂದರೆ ಕೆಲವು ಬಲ್ಬುಗಳು ಅದನ್ನೇ ರೀಸೆಟ್ ಸಂಜ್ಞೆ ಎಂದು ತಿಳಿದು ಪೇರಿಂಗ್ ಮರೆಯುತ್ತವೆ. ಅಂಥವನ್ನು ಇನ್ವರ್ಟರ್ ಲೈನಿಗೇ ಹಾಕಬೇಕು. ಸಂದೇಶ ದಾಟಿಸುವ ರಿಲೇಗಳಲ್ಲಿ ಕನಿಷ್ಠ ಎರಡು ಇನ್ವರ್ಟರ್ ಲೈನಿನಲ್ಲಿ ಇರಲಿ, ಇಲ್ಲದಿದ್ದರೆ ಕರೆಂಟು ಹೋದಾಗ ಬ್ಯಾಟರಿ ಸೆನ್ಸರುಗಳು ದಿಕ್ಕಿಲ್ಲದಂತಾಗುತ್ತವೆ. ಪೈ, ರೂಟರ್ ಎರಡೂ ಅದೇ ಲೈನಿನಲ್ಲಿ. ಪೈಗೆ ಮೆಮೊರಿ ಕಾರ್ಡಿನ ಬದಲು ಎಸ್‌ಎಸ್‌ಡಿ.

ಕರೆಂಟು ಹೋದದ್ದು ಸಿಸ್ಟಮಿಗೆ ತಿಳಿಯುವುದು ಹೇಗೆ? ಮೈನ್ಸ್ ಲೈನಿನ ಸ್ಮಾರ್ಟ್ ಪ್ಲಗ್ ಕಾಣೆಯಾದದ್ದನ್ನು ಜಿಗ್ಬಿ2ಎಂಕ್ಯೂಟಿಟಿ, ಅದರ ಅವೈಲಬಿಲಿಟಿ ತಪಾಸಣೆ ಆನ್ ಮಾಡಿದ್ದರೂ, ಮಾಮೂಲಿ ಅವಧಿಯಲ್ಲಿ ಹೇಳುವುದು ಹತ್ತು ನಿಮಿಷದ ಮೇಲೆ. ಅಷ್ಟು ಕಾಯಲಾಗದು. 230 ವೋಲ್ಟ್ ಕಾಯಿಲಿನ ಮಾಮೂಲಿ ರಿಲೇಯೊಂದನ್ನು ಮೈನ್ಸಿಗೆ ಕೊಟ್ಟು, ಅದರ ಎನ್‌ಸಿ ಕಾಂಟ್ಯಾಕ್ಟನ್ನು (ಕಾಯಿಲಿಗೆ ಕರೆಂಟಿಲ್ಲದಾಗ ಕೂಡಿಕೊಳ್ಳುವ ಜೋಡಿ) ಬ್ಯಾಟರಿಯ ಡೋರ್ ಸೆನ್ಸರಿನ ರೀಡ್ ಸ್ವಿಚ್ಚಿನ (ಅಯಸ್ಕಾಂತ ಹತ್ತಿರ ಬಂದರೆ ಕೂಡುವ ಸ್ವಿಚ್ಚು) ಎರಡು ಕಾಲಿಗೆ ಬೆಸುಗೆ ಹಾಕಿ, ಅಯಸ್ಕಾಂತವನ್ನು ತೆಗೆದಿಟ್ಟೆವು. ಕರೆಂಟು ಹೋದ ಕೂಡಲೇ 'ಬಾಗಿಲು ಮುಚ್ಚಿದೆ' ಎಂದು ಬರುತ್ತದೆ. ಆಗ ಓಡುವ ಪ್ರೋಗ್ರಾಂ ಈಗಿನ ಸ್ಥಿತಿಯನ್ನು ತಾತ್ಕಾಲಿಕ ಸೀನಾಗಿ ಹಿಡಿದಿಟ್ಟುಕೊಂಡು, ಕೋವ್ ಮತ್ತು ಟಿವಿ ಕಡೆಯ ನಾಲ್ಕನ್ನು ಆರಿಸಿ ಬ್ಯಾಟರಿ ಉಳಿಸುತ್ತದೆ. ಕರೆಂಟು ಬಂದು ಒಂದು ನಿಮಿಷ ನಿಂತ ಮೇಲೆ ಅದೇ ಸೀನನ್ನು ವಾಪಸು ಕರೆಯುತ್ತದೆ. ಇಂಥ ತಾತ್ಕಾಲಿಕ ಸೀನ್ ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತದೆ. ಪೈ ಇನ್ವರ್ಟರಿನಲ್ಲಿ ಇರಬೇಕಾದ್ದಕ್ಕೆ ಇದು ಇನ್ನೊಂದು ಕಾರಣ.

ಕೊನೆಗೆ ಒಂದು ಸಂಜೆ ಪೂರ್ತಿ ಪೈಯನ್ನು ಆಫ್ ಮಾಡಿಟ್ಟು ಮನೆಯನ್ನು ನಡೆಸಿ ನೋಡಬೇಕು. ರಿಲೇ ಇರುವ ಲೈಟುಗಳೆಲ್ಲ ಸ್ವಿಚ್ಚಿಗೆ ಸ್ಪಂದಿಸಿದವು. ಊಟದ ಮೇಜಿನ ಬಲ್ಬು ಮಾತ್ರ ಹತ್ತಲಿಲ್ಲ, ಏಕೆಂದರೆ ಡಿಟ್ಯಾಚ್ಡ್ ಗುಂಡಿಯ ಸಂದೇಶ ಓದುವವರೇ ಇರಲಿಲ್ಲ. ಪೈ ಮತ್ತೆ ಹಾಕಿ, ಆ ಗುಂಡಿಯನ್ನು ಜಿಗ್ಬಿ ಬೈಂಡಿಂಗಿನಿಂದ ನೇರವಾಗಿ ಬಲ್ಬಿಗೇ ಕಟ್ಟಲಾಯಿತು. ಈಗ ಪೈ ಇರಲಿ ಬಿಡಲಿ, ಗುಂಡಿ ಒತ್ತಿದರೆ ಮೇಜಿನ ಮೇಲೆ ಬೆಳಕು.